ವಿವಾಹಸಂಸ್ಕಾರವೂ ವಿವಾಹದ ದಾಖಲೆಯೂ

ಶ್ರೀಗುರುವಿನ ಕೃಪೆಯಿಂದ ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುವ ಈ ಸ್ಮರಣಗ್ರಂಥದಲ್ಲಿ ಗುರುಪರಂಪರೆ, ದಾಸೋಹ, ವಿದ್ಯಾದಾನ ಮೊದಲಾದ ಘನವಿಷಯಗಳನ್ನು ಕುರಿತು ಪಂಡಿತರು ಬರೆಯುವದು ಯೋಗ್ಯವೇ ಸರಿ. ಈ ಲೇಖದ ವಿಷಯವು ಅವುಗಳಷ್ಟು ಘನವಾದದ್ದೆಂದು ಮೊದಲ ನೋಟಕ್ಕೆ ತೋರಲಿಕ್ಕಿಲ್ಲ. ಮದುವೆಯ ಚಪ್ಪರವನ್ನು ಬಿಚ್ಚಿದ ಮೇಲೆ ಉಳಿಯುವ ಕಾಗದಗಳ ಚರಿತ್ರೆಯೇ ಇದರ ವಿಷಯವು. ಆದರೂ ಭಕ್ತರ ಮನೆಗಳಲ್ಲಿ ಕಣ್ಣೀರಿಗೆ ಕಾರಣವಾದ ಅನೇಕ ವ್ಯಾಜ್ಯಗಳ ಬೇರನ್ನು ಅಗೆದು ನೋಡಿದರೆ, ಅಲ್ಲಿ ಒಂದು ಕಾಗದದ ಅಭಾವವೇ ಕಾಣಬರುವದು. ಮದುವೆಯು ನಡೆದದ್ದು ಊರಿಗೆಲ್ಲ ಗೊತ್ತು. ಆದರೆ ನ್ಯಾಯಾಸ್ಥಾನಕ್ಕೆ ಗೊತ್ತಿಲ್ಲ. ಊರಿನ ತಿಳಿವಿಗೂ ಸರಕಾರದ ತಿಳಿವಿಗೂ ನಡುವೆ ಬಿದ್ದ ಈ ಕಂದಕವು ಯಾವಾಗ ಉಂಟಾಯಿತು, ಅದನ್ನು ತುಂಬುವದಕ್ಕೆ ಏನೇನು ಪ್ರಯತ್ನಗಳು ನಡೆದವು, ಈಗ ಗೃಹಸ್ಥರಾದ ನಮಗೂ ಗುರುಮಠಗಳಿಗೂ ಅದರಿಂದ ಒದಗಿದ ಕರ್ತವ್ಯವೇನು ಎಂಬದನ್ನು ಯಥಾಮತಿ ವಿವರಿಸುತ್ತೇನೆ.

ಮದುವೆಯ ವಿಷಯದಲ್ಲಿ ರಾಜಶಾಸನಕ್ಕೂ ಶರಣಧರ್ಮಕ್ಕೂ ಬಂದ ಮೊದಲ ಘರ್ಷಣೆಯು ಕಲ್ಯಾಣದಲ್ಲಿಯೇ ನಡೆಯಿತೆಂಬದು ಭಕ್ತರೆಲ್ಲರಿಗೆ ವಿದಿತವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ಲಗ್ನವಾಯಿತೆಂದೂ, ಲಿಂಗದೀಕ್ಷೆಯಾದ ಮೇಲೆ ಕುಲವಿಲ್ಲವೆಂಬ ನಂಬುಗೆಯಿಂದ ಶರಣರು ಅದನ್ನು ಒಪ್ಪಿದರೆಂದೂ, ಬಿಜ್ಜಳರಾಜನು ಅದನ್ನು ವರ್ಣಸಂಕರವೆಂದು ಬಗೆದು ಇಬ್ಬರು ತಂದೆಗಳಿಗೂ ಘೋರದಂಡನೆಯನ್ನು ವಿಧಿಸಿದನೆಂದೂ ಶರಣರ ಚರಿತ್ರೆಗಳು ಹೇಳುತ್ತವೆ. ಆ ಕಥೆಯ ಭಕ್ತಿರಸವನ್ನು ಬದಿಗಿಟ್ಟು ಕೇವಲ ಧರ್ಮಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಅಲ್ಲಿ ಒಂದು ಪ್ರಶ್ನೆಯು ಸ್ಪಷ್ಟವಾಗಿ ಎದ್ದು ನಿಲ್ಲುವದು. ಯಾವ ಮದುವೆಯು ಮದುವೆಯೆನಿಸುವದು? ಅದನ್ನು ನಿರ್ಣಯಿಸತಕ್ಕವರು ಯಾರು? ವಧೂವರರೇ, ಗುರುವೇ, ಸಮಾಜವೇ, ಅರಸನೇ? ಎಂಟು ಶತಮಾನಗಳು ಕಳೆದರೂ ಈ ಪ್ರಶ್ನೆಯು ಹಳೆಯದಾಗಲಿಲ್ಲ. ಮುಂದೆ ಹೇಳತಕ್ಕ ಕಾಯದೆಗಳೆಲ್ಲವೂ ಈ ಒಂದೇ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳೇ ಆಗಿವೆ.

ಹಳೆಯ ಕಾಲದಲ್ಲಿ ನಮ್ಮವರ ಮದುವೆಗೆ ದಾಖಲೆಯೇ ಇರಲಿಲ್ಲವೆಂದು ತಿಳಿಯಬಾರದು. ಇತ್ತು, ಆದರೆ ಅದು ಕಾಗದದ ಮೇಲಿರುವದಕ್ಕಿಂತ ಹೆಚ್ಚಾಗಿ ಜನರ ನೆನಪಿನಲ್ಲಿತ್ತು. ಹೆಣ್ಣು ಗಂಡು ಒಪ್ಪಿಗೆಯಾದ ಮೇಲೆ ಹಿರಿಯರ ಸಮಕ್ಷಮ ವೀಳ್ಯವನ್ನು ಹಿಡಿಯುವದು, ಗುರುಮಠಕ್ಕೆ ಅರಿಕೆ ಮಾಡಿ ಅಪ್ಪಣೆಯನ್ನು ಪಡೆಯುವದು, ಅರಿಸಿನವನ್ನು ಹಚ್ಚಿದ ಲಗ್ನಪತ್ರಿಕೆಯನ್ನು ಓದಿಸುವದು, ಲಗ್ನದ ದಿನ ಐವರು ಆಚಾರ್ಯರ ಹೆಸರಿನಿಂದ ಪಂಚಕಲಶಗಳನ್ನು ಸ್ಥಾಪಿಸುವದು, ಮಠಪತಿ ಗಣಾಚಾರಿಗಳ ಮುಂದೆ ಮಾಂಗಲ್ಯಧಾರಣವಾಗುವದು, ನೆರೆದ ದೈವವು ಅಕ್ಷತೆಯನ್ನು ಹಾಕುವದು, ಇವೆಲ್ಲ ಒಂದೊಂದು ಸಾಕ್ಷಿಯೇ ಆಗಿದ್ದವು. ಬಸವತತ್ತ್ವವನ್ನು ಅನುಸರಿಸುವ ವಿರಕ್ತಮಠಗಳ ಭಕ್ತರು ಕಲಶಾದಿಗಳನ್ನು ಬಿಟ್ಟು ವಚನಪಠನದಿಂದಲೇ ಲಗ್ನವನ್ನು ನೆರವೇರಿಸುವದುಂಟು. ಅಲ್ಲಿಯೂ ಗುರುಸಾಕ್ಷಿ, ಲಿಂಗಸಾಕ್ಷಿ, ಜಂಗಮಸಾಕ್ಷಿಗಳು ತಪ್ಪುವದಿಲ್ಲ. ಅಕ್ಷತೆಯನ್ನು ಹಾಕಿದವನು ನಾಳೆ ಈ ಮದುವೆಯನ್ನು ತಾನು ಕಾಣೆನೆಂದು ಹೇಳಲಾರನು. ಅಕ್ಷತೆಯೆಂಬದು ಹರಕೆಯೂ ಹೌದು, ಸಹಿಯೂ ಹೌದು.

ಈ ವ್ಯವಸ್ಥೆಗೆ ಒಂದು ಬಲವೂ ಒಂದು ದೌರ್ಬಲ್ಯವೂ ಇದ್ದವು. ಹುಟ್ಟಿದ ಊರಲ್ಲಿಯೇ ಬೆಳೆದು, ನೆರೆಯ ಊರಿಗೆ ಹೆಣ್ಣು ಕೊಟ್ಟು, ಅಲ್ಲಿಯೇ ಮಣ್ಣಾಗುವ ಸಮಾಜಕ್ಕೆ ನೆನಪಿನ ದಾಖಲೆಯು ಸಾಕಾಗುತ್ತಿತ್ತು. ತಂಟೆಯು ಬಂದರೆ ಮಠಪತಿಯೂ ಗೌಡನೂ ಶೆಟ್ಟಿಯೂ ಚಾವಡಿಯಲ್ಲಿ ಕುಳಿತು ತೀರಿಸುತ್ತಿದ್ದರು. ಇದು ಬಲವು. ಆದರೆ ಸಾಕ್ಷಿಗಳು ಸಾಯುತ್ತಾರೆ. ಬದುಕಿದವರು ಪಕ್ಷ ಕಟ್ಟುತ್ತಾರೆ. ಬಲ್ಲಿದರ ಮನೆಯ ಮದುವೆಯು ಎಲ್ಲರಿಗೂ ನೆನಪಿರುವದು. ಬಡವರ ಮನೆಯ ಹೆಣ್ಣುಮಗಳ ಮದುವೆಯು ಬಹು ಬೇಗನೆ ಮರೆತುಹೋಗುವದು. ಇದು ದೌರ್ಬಲ್ಯವು. ಊರ ಚಾವಡಿಯ ಸ್ಥಳದಲ್ಲಿ ಇಂಗ್ಲೀಷರ ಕೋರ್ಟುಗಳು ಬಂದ ಕೂಡಲೆ ಈ ದೌರ್ಬಲ್ಯವು ಬಯಲಿಗೆ ಬಂದಿತು.

ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಯಲ್ಲಿಯೂ, ಬಳ್ಳಾರಿ ಮಂಗಳೂರುಗಳು ಮದರಾಸು ಇಲಾಖೆಯಲ್ಲಿಯೂ, ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮನ ಸಂಸ್ಥಾನದಲ್ಲಿಯೂ ಇದ್ದವು. ಮೈಸೂರು ಸಂಸ್ಥಾನದ ಕಾಯದೆಗಳು ಬೇರೆ, ಕೊಡಗಿನವು ಬೇರೆ. ಒಂದೇ ಮಠದ ಶಿಷ್ಯರಾದ ಅಣ್ಣತಮ್ಮಂದಿರು ತುಂಗಭದ್ರೆಯ ಎರಡು ದಡಗಳಲ್ಲಿ ಮನೆಮಾಡಿದ್ದರೆ ಅವರ ಲಗ್ನಗಳಿಗೆ ಎರಡು ಕಾನೂನುಗಳು. ಇಂಥ ಸ್ಥಿತಿಯಲ್ಲಿ ನ್ಯಾಯಾಧೀಶರ ಮುಂದೆ ಲಿಂಗವಂತರ ಮದುವೆಯ ವಿಷಯವು ಬಂದಾಗ ಅವರು ಸಂಸ್ಕೃತದ ಸ್ಮೃತಿಗಳನ್ನೂ ಅವುಗಳ ವ್ಯಾಖ್ಯಾನಗಳನ್ನೂ ತೆಗೆದು ನೋಡುತ್ತಿದ್ದರು. ಆ ಗ್ರಂಥಗಳಲ್ಲಿ ಹೋಮವೂ ಸಪ್ತಪದಿಯೂ ಉಂಟು, ಪಂಚಕಲಶವಿಲ್ಲ. ಆದಕಾರಣ ನಮ್ಮವರು ತಮ್ಮ ರೂಢಿಯನ್ನು ಪ್ರತಿಯೊಂದು ಸಲವೂ ಸಾಕ್ಷಿಗಳಿಂದ ಸಿದ್ಧಮಾಡಿ ತೋರಿಸಬೇಕಾಗುತ್ತಿತ್ತು.

ಆ ಕಾಲದ ಒಂದು ತೀರ್ಪು ಇಲ್ಲಿ ಸ್ಮರಣೀಯವಾಗಿದೆ. ಲಿಂಗವಂತರೊಳಗಿನ ಬೇರೆಬೇರೆ ಒಳಪಂಗಡಗಳವರ ನಡುವೆ ಆದ ಮದುವೆಯು ಸಿಂಧುವೇ ಎಂಬ ಪ್ರಶ್ನೆಯು 1896ನೆಯ ಇಸವಿಯಲ್ಲಿ ಮುಂಬಯಿ ಹಾಯಕೋರ್ಟಿನ ಮುಂದೆ ಬಂದಿತು. ಅಂಥ ಮದುವೆಯು ಶಾಸ್ತ್ರತಃ ನಿಷಿದ್ಧವಲ್ಲ, ರೂಢಿಯಿಂದ ನಿಷಿದ್ಧವೆಂದು ಯಾವನು ಹೇಳುವನೋ ಅವನೇ ಆ ರೂಢಿಯನ್ನು ಸಿದ್ಧಮಾಡತಕ್ಕದ್ದೆಂದು ನ್ಯಾಯಾಧೀಶರು ನಿರ್ಣಯಿಸಿದರು. ಇದು ಸಣ್ಣ ಮಾತಲ್ಲ. ಕಲ್ಯಾಣದಲ್ಲಿ ಶರಣರು ಯಾವ ತತ್ತ್ವಕ್ಕಾಗಿ ನೊಂದರೋ ಆ ತತ್ತ್ವದ ಒಂದು ಅಂಶವು, ಅವರ ಹೆಸರನ್ನೆತ್ತದ ಕೋರ್ಟಿನ ಬಾಯಿಂದ ಹೊರಬಂದಿತು. ಒಳಪಂಗಡಗಳ ಗೋಡೆಯನ್ನು ನಾವು ಧರ್ಮವೆಂದು ತಿಳಿದು ಕಾಯುತ್ತಿದ್ದಾಗ, ಆ ಗೋಡೆಗೆ ಧರ್ಮದ ಆಧಾರವಿದ್ದರೆ ತೋರಿಸಿರೆಂದು ಪರರಾಜ್ಯದ ನ್ಯಾಯಾಧೀಶರು ಕೇಳಬೇಕಾಯಿತು.

ಅದೇ 1896ರಲ್ಲಿ ಅದೇ ಹಾಯಕೋರ್ಟು ಕೊಟ್ಟ ಇನ್ನೊಂದು ತೀರ್ಪು ಅಷ್ಟು ಸುಖದಾಯಕವಾಗಿರಲಿಲ್ಲ. ನಮ್ಮ ಸಮಾಜದ ಬಹುಭಾಗದಲ್ಲಿ ವಿಧವೆಗೆ ಉಡಿಕಿ ಅಥವಾ ಕೂಡಿಕೆಯೆಂಬ ಪುನರ್ವಿವಾಹವು ಹಿಂದಿನಿಂದಲೂ ನಡೆದುಬಂದಿದೆ. 1856ರಲ್ಲಿ ಸರಕಾರವು ವಿಧವಾವಿವಾಹದ ಕಾಯದೆಯನ್ನು ಮಾಡಿದಾಗ, ಪುನರ್ವಿವಾಹವಾದ ವಿಧವೆಗೆ ಮೊದಲ ಗಂಡನ ಆಸ್ತಿಯಲ್ಲಿದ್ದ ಹಕ್ಕು ಅವಳು ಸತ್ತಂತೆಯೇ ನಷ್ಟವಾಗತಕ್ಕದ್ದೆಂದು ಅದರ ಎರಡನೆಯ ಕಲಮಿನಲ್ಲಿ ಬರೆಯಿತು. ಕಾಯದೆಯ ಸಹಾಯವನ್ನು ಬೇಡದೆ ಕೇವಲ ಜಾತಿಯ ರೂಢಿಯಿಂದಲೇ ಉಡಿಕಿಯಾಗುವ ವಿಧವೆಗೂ ಈ ನಷ್ಟವು ತಗಲುವದೋ ಎಂಬದು ವಿವಾದವಾಯಿತು. ತಗಲುವದೆಂದು ಮುಂಬಯಿಯ ಪೂರ್ಣಪೀಠವು ಹೇಳಿತು. ಅಲಾಹಾಬಾದದ ಹಾಯಕೋರ್ಟು ಇದಕ್ಕೆ ವಿರುದ್ಧವಾದ ಮತವನ್ನು ತಾಳಿತ್ತು. ಹೀಗೆ ಉದಾರವೆನಿಸಿದ ಒಂದು ಕಾಯದೆಯು, ಹಿಂದಿನಿಂದಲೂ ಉದಾರವಾಗಿದ್ದ ರೂಢಿಯುಳ್ಳ ಜನರ ಹೆಣ್ಣುಮಕ್ಕಳಿಗೆ ಕಷ್ಟವನ್ನೇ ತಂದಿತು. 1956ರ ಹಿಂದೂ ಉತ್ತರಾಧಿಕಾರದ ಕಾಯದೆಯಿಂದ ಗಂಡನ ಆಸ್ತಿಯಲ್ಲಿಯ ಪಾಲು ವಿಧವೆಗೆ ಪೂರ್ಣಸ್ವಾಮಿತ್ವದಿಂದ ಬರುವಂತಾಯಿತು. 1856ರ ಆ ಹಳೆಯ ಕಾಯದೆಯನ್ನು 1983ರಲ್ಲಿ ತೆಗೆದುಹಾಕಿದರು.

ಇನ್ನು ವಯಸ್ಸಿನ ವಿಚಾರ. ಲಗ್ನಕ್ಕೆ ವಯೋಮಿತಿಯನ್ನು ಹಾಕುವದರಲ್ಲಿ ಮೈಸೂರು ಸಂಸ್ಥಾನವು ಮುಂದಾಗಿತ್ತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, 1894ರಲ್ಲಿ ಅಲ್ಲಿ ಶಿಶುವಿವಾಹಪ್ರತಿಬಂಧದ ರೆಗ್ಯುಲೇಷನ್ನು ಹೊರಟಿತು. 8 ವರ್ಷದೊಳಗಿನ ಹೆಣ್ಣುಮಗುವಿನ ಲಗ್ನವನ್ನೂ, 50 ವರ್ಷ ದಾಟಿದ ಪುರುಷನು 14 ವರ್ಷದೊಳಗಿನ ಹುಡುಗಿಯನ್ನು ಮದುವೆಯಾಗುವದನ್ನೂ ಅದು ನಿಷೇಧಿಸಿತು. ಇಷ್ಟು ಅಲ್ಪಪ್ರತಿಬಂಧವೂ ಆಗ ದೊಡ್ಡ ಸುಧಾರಣೆಯೆನಿಸಿತೆಂಬದರಿಂದಲೇ ಕಾಲಸ್ಥಿತಿಯನ್ನು ಊಹಿಸಬಹುದು. ಮುಂದೆ ಹರಬಿಲಾಸ ಸಾರಡಾ ಅವರ ಪ್ರಯತ್ನದಿಂದ 1929ರಲ್ಲಿ ಪಾಸಾದ ಕಾಯದೆಯು 1930ನೆಯ ಏಪ್ರಿಲ್ 1ರಿಂದ ಬ್ರಿಟಿಷ್ ಹಿಂದುಸ್ತಾನದಲ್ಲಿ ಜಾರಿಗೆ ಬಂದಿತು. ವಧುವಿಗೆ 14, ವರನಿಗೆ 18 ವರ್ಷಗಳು ಎಂಬದು ಅದರ ನಿಯಮವು. ಜಾರಿಗೆ ಬರುವ ಮುಂಚೆ ಸಿಕ್ಕ ಕೆಲವು ತಿಂಗಳುಗಳಲ್ಲಿ ದೇಶದ ನಾನಾಕಡೆಗಳಲ್ಲಿ ಮಕ್ಕಳ ಲಗ್ನಗಳನ್ನು ಅವಸರದಿಂದ ಮುಗಿಸಿದರು. ಆ ಮೇಲೆಯೂ ಕೆಲವರು ಗಡಿ ದಾಟಿ ಹೋಗಿ ಅಕ್ಷತೆ ಹಾಕಿಸಿದ್ದರಿಂದ, 1938ರಲ್ಲಿ ಕಾಯದೆಯನ್ನು ತಿದ್ದಿ ಆ ದಾರಿಯನ್ನೂ ಮುಚ್ಚಬೇಕಾಯಿತು.

ಸಾರಡಾ ಕಾಯದೆಯು ಒಂದು ಹೊಸ ಕೊರತೆಯನ್ನು ಎತ್ತಿ ತೋರಿಸಿತು. ವಯಸ್ಸನ್ನು ಗೊತ್ತುಪಡಿಸಿದರೆ ಸಾಲದು; ಅದನ್ನು ಸಿದ್ಧಮಾಡುವ ಕಾಗದವೂ ಬೇಕು. ಹಳ್ಳಿಯ ಮನೆಗಳಲ್ಲಿ ಜನನದ ದಾಖಲೆಯೇ ಇರಲಿಲ್ಲ. ಮಗು ಹುಟ್ಟಿದ್ದು ಇಂಥ ಬರಗಾಲದ ಮುಂದಿನ ಸುಗ್ಗಿಯಲ್ಲಿ, ಇಂಥ ಜಾತ್ರೆಯ ತೇರೆಳೆದ ಮಾರನೆಯ ದಿನ ಎಂದು ತಾಯಂದಿರು ಹೇಳುತ್ತಿದ್ದರು. ಜಾತಕವಿದ್ದವರು ಜಾತಕವನ್ನು ತೋರಿಸುತ್ತಿದ್ದರು. ಅದನ್ನು ಹೊಸದಾಗಿ ಬರೆಯಿಸುವದೂ ಕಠಿಣವಾಗಿರಲಿಲ್ಲ. ಕೊನೆಗೆ ಶಾಲೆಯ ದಾಖಲಾತಿಯೇ ಹಳ್ಳಿಯ ಮಕ್ಕಳ ಜನ್ಮಪತ್ರಿಕೆಯಾಯಿತು. ಜನನಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯದೆಯು ಆದದ್ದು 1969ರಲ್ಲಿ. ಮಠಗಳು ಊರೂರಿಗೆ ಶಾಲೆಗಳನ್ನು ತೆರೆದು ಹೆಣ್ಣುಮಕ್ಕಳ ಹೆಸರನ್ನೂ ಹಾಜರಿಪುಸ್ತಕದಲ್ಲಿ ಬರೆಯಿಸಿದ್ದರಿಂದ ಅಕ್ಷರಜ್ಞಾನವು ದೊರೆತದ್ದಷ್ಟೇ ಅಲ್ಲ, ಆ ಮಕ್ಕಳ ವಯಸ್ಸಿಗೆ ಒಂದು ಲಿಖಿತಸಾಕ್ಷಿಯೂ ದೊರೆಯಿತೆಂಬದನ್ನು ನಾವು ಮರೆಯಲಾಗದು.

ಗುರುವನ್ನಾಗಲಿ ಪುರೋಹಿತನನ್ನಾಗಲಿ ಕರೆಯದೆ ಸರಕಾರದ ಅಧಿಕಾರಿಯ ಮುಂದೆಯೇ ಆಗುವ ಮದುವೆಯ ಕಥೆಯು ಬೇರೆ. ಬಂಗಾಲದ ಬ್ರಹ್ಮಸಮಾಜದವರ, ಮುಖ್ಯವಾಗಿ ಕೇಶವಚಂದ್ರ ಸೇನರ, ಬೇಡಿಕೆಯಿಂದ 1872ರಲ್ಲಿ ವಿಶೇಷವಿವಾಹದ ಕಾಯದೆಯು ಹುಟ್ಟಿತು. ಆದರೆ ಅದರ ಕೆಳಗೆ ಮದುವೆಯಾಗುವವರು ತಾವು ಹಿಂದೂ, ಮುಸಲ್ಮಾನ, ಕ್ರಿಸ್ತ, ಯಹೂದಿ, ಪಾರಸಿ, ಬೌದ್ಧ, ಸಿಖ್ಖ, ಜೈನ ಈ ಯಾವ ಧರ್ಮವನ್ನೂ ಅವಲಂಬಿಸಿದವರಲ್ಲವೆಂದು ಬರೆದುಕೊಡಬೇಕಾಗಿತ್ತು. ಧರ್ಮವನ್ನು ಅಲ್ಲಗಳೆಯದೆ ಜಾತಿಯನ್ನು ಮೀರುವ ಮಾರ್ಗವೇ ಇರಲಿಲ್ಲ. ವಿಠ್ಠಲಭಾಯಿ ಪಟೇಲರು 1918ರಲ್ಲಿ ತಂದ ಮಸೂದೆಯು ಫಲಿಸಲಿಲ್ಲ. ಹರಿಸಿಂಗ ಗೌರರ ಯತ್ನದಿಂದ 1923ರಲ್ಲಿ ಆದ ತಿದ್ದುಪಡಿಯ ಮೇಲೆ ಹಿಂದೂ, ಬೌದ್ಧ, ಸಿಖ್ಖ, ಜೈನರು ತಮ್ಮ ಧರ್ಮವನ್ನು ಅಲ್ಲಗಳೆಯದೆ ಪರಸ್ಪರ ಮದುವೆಯಾಗಲು ಅವಕಾಶವಾಯಿತು. ಆದರೂ ಹಾಗೆ ಮದುವೆಯಾದವನು ಅವಿಭಕ್ತಕುಟುಂಬದಿಂದ ಬೇರ್ಪಟ್ಟನೆಂದೇ ಕಾಯದೆಯು ಎಣಿಸುತ್ತಿತ್ತು. 1954ರ ಹೊಸ ವಿಶೇಷವಿವಾಹ ಕಾಯದೆಯಲ್ಲಿಯೂ ಆ ಮಾತು ಉಳಿಯಿತು. ವಧೂವರರಿಬ್ಬರೂ ಹಿಂದೂ ಕಾನೂನಿಗೆ ಒಳಪಟ್ಟವರಾಗಿದ್ದರೆ ಆ ಬೇರ್ಪಡೆಯು ತಗಲಬಾರದೆಂದು 1976ರಲ್ಲಿ ತಿದ್ದಿದರು.

ಸ್ವಾತಂತ್ರ್ಯವು ಬರುವ ಹೊತ್ತಿಗೆ ಸುಧಾರಣೆಯ ವೇಗವು ಹೆಚ್ಚಿತು. ಒಂದೇ ಜಾತಿಯ ಒಳಪಂಗಡಗಳವರ ಮದುವೆಗಳಿಗಿದ್ದ ಆಕ್ಷೇಪವನ್ನು 1946ರ ಕಾಯದೆಯು ತೆಗೆದುಹಾಕಿತು. ಬೇರೆಬೇರೆ ಜಾತಿಯ ಹಿಂದೂಗಳ ಮದುವೆಗಳು ಸಿಂಧುವೆಂದು 1949ರ ಕಾಯದೆಯು ಸಾರಿತು. ಹೆಂಡತಿಯಿರುವಾಗಲೇ ಇನ್ನೊಬ್ಬಳನ್ನು ತರುವದನ್ನು ಮುಂಬಯಿ ಪ್ರಾಂತವು 1946ರಲ್ಲಿಯೂ ಮದರಾಸು ಪ್ರಾಂತವು 1949ರಲ್ಲಿಯೂ ನಿಷೇಧಿಸಿದವು. ಗಂಡು ಸಂತಾನದ ನೆವದಿಂದ ಎರಡನೆಯ ಲಗ್ನವನ್ನು ಮಾಡಿಕೊಳ್ಳುತ್ತಿದ್ದ ಮನೆಗಳಿಗೆ ಇದು ಮೊದಲ ತಡೆಯಾಯಿತು. ಹಿಂದೂ ಕಾನೂನನ್ನೆಲ್ಲ ಒಂದುಗೂಡಿಸುವ ವಿಚಾರಕ್ಕೆ 1941ರಲ್ಲಿ ನೇಮಕವಾದ ಸಮಿತಿಗೆ ಕನ್ನಡ ಕರಾವಳಿಯ ಬೆನಗಲ್ ನರಸಿಂಗರಾಯರು ಅಧ್ಯಕ್ಷರಾಗಿದ್ದರು. ಮುಂದೆ ಕಾನೂನು ಮಂತ್ರಿಗಳಾದ ಡಾಕ್ಟರ್ ಅಂಬೇಡಕರರು ಆ ಮಸೂದೆಗಾಗಿ ಬಹುವಾಗಿ ಹೋರಾಡಿ, ಅದು ಮುಂದೆ ಸಾಗದಿದ್ದಾಗ 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. ಅದರ ಒಂದು ಭಾಗವು 1955ನೆಯ ಮೇ 18ರಂದು ಹಿಂದೂ ವಿವಾಹ ಕಾಯದೆಯಾಗಿ ಜಾರಿಗೆ ಬಂದಿತು.

ಆ ಕಾಯದೆಯ ಎರಡನೆಯ ಕಲಮನ್ನು ನಮ್ಮ ಭಕ್ತರು ಗಮನಿಸತಕ್ಕದ್ದು. ಕಾಯದೆಯು ಯಾರಾರಿಗೆ ಅನ್ವಯಿಸುವದೆಂದು ಹೇಳುವಾಗ ಅಲ್ಲಿ ವೀರಶೈವ, ಲಿಂಗಾಯತ ಎಂಬ ಎರಡು ಶಬ್ದಗಳನ್ನೂ ಸ್ಪಷ್ಟವಾಗಿ ಹೆಸರಿಸಿ ಬರೆದಿದ್ದಾರೆ. ನಮ್ಮ ಧರ್ಮದ ಸ್ವರೂಪವನ್ನು ಕುರಿತ ಚರ್ಚೆಗಳು ಏನೇ ಇರಲಿ, ಮದುವೆಯ ಕಾನೂನಿನ ಮಟ್ಟಿಗೆ ಸಂದೇಹವು ಅಲ್ಲಿಗೆ ಮುಗಿಯಿತು. ಅದಕ್ಕಿಂತಲೂ ಮಹತ್ವದ್ದು ಏಳನೆಯ ಕಲಮು. ವಧೂವರರಲ್ಲಿ ಯಾವದಾದರೊಂದು ಪಕ್ಷದವರ ರೂಢಿಯ ವಿಧಿಗಳಿಂದ ಮದುವೆಯು ನೆರವೇರಿದರೆ ಸಾಕು. ಆ ವಿಧಿಗಳಲ್ಲಿ ಸಪ್ತಪದಿಯಿದ್ದರೆ ಮಾತ್ರ ಏಳನೆಯ ಹೆಜ್ಜೆಗೆ ಮದುವೆಯು ಪೂರ್ಣವಾಗುವದೆಂದು ಅದು ಹೇಳುವದು. ಅಂದಮೇಲೆ ಸಪ್ತಪದಿಯು ರೂಢಿಯಲ್ಲಿಲ್ಲದ ಮನೆಗಳಿಗೆ ಅದು ಬೇಡ. ಗುರುಸಾಕ್ಷಿಯಿಂದ ನಡೆದ ನಮ್ಮ ಲಗ್ನಕ್ಕೆ ಕಾನೂನಿನಲ್ಲಿ ಸ್ವತಂತ್ರವಾದ ಸ್ಥಾನವು ದೊರೆಯಿತು. 1956ನೆಯ ನವಂಬರ 1ರಂದು ಕನ್ನಡನಾಡು ಒಂದುಗೂಡಿದಾಗ, ತುಂಗಭದ್ರೆಯ ಎರಡೂ ದಡಗಳ ಮದುವೆಗಳಿಗೆ ಆಗಲೇ ಒಂದೇ ಕಾನೂನು ಇತ್ತು.

ಆದರೆ ಸ್ಥಾನವು ದೊರೆತ ಮಾತ್ರಕ್ಕೆ ಸಾಕ್ಷಿಯು ದೊರೆಯಲಿಲ್ಲ. ಕಾಯದೆಯ ಎಂಟನೆಯ ಕಲಮು ಹಿಂದೂ ವಿವಾಹಗಳ ರಿಜಿಸ್ಟರವೊಂದನ್ನು ಇಡುವದಕ್ಕೆ ರಾಜ್ಯಸರಕಾರಗಳಿಗೆ ಅಧಿಕಾರವನ್ನು ಕೊಟ್ಟಿತು. ಆದರೆ ಅದರಲ್ಲಿ ಬರೆಯಿಸದಿದ್ದರೆ ಮದುವೆಯು ಅಸಿಂಧುವಾಗುವದಿಲ್ಲವೆಂದೂ ಹೇಳಿತು. ಕಡ್ಡಾಯ ಮಾಡಿದಲ್ಲಿಯೂ ತಪ್ಪಿದವರಿಗೆ ಹೆಚ್ಚೆಂದರೆ 25 ರೂಪಾಯಿ ದಂಡ. ಇದರಿಂದ ಜನರು ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸಿ ಹಂಚಿ ತೃಪ್ತರಾದರು. ರಿಜಿಸ್ಟರದ ಕಡೆಗೆ ಹೋಗಲಿಲ್ಲ. ಅದರ ಫಲವನ್ನು ಉಂಡವರು ಹೆಣ್ಣುಮಕ್ಕಳು. ಗಂಡನು ಎರಡನೆಯ ಮದುವೆಯಾದನೆಂದು ದೂರಿದಾಗ, ಆ ಎರಡನೆಯ ಲಗ್ನವು ವಿಧಿಪೂರ್ವಕವಾಗಿ ನಡೆಯಿತೆಂಬದನ್ನು ಸಿದ್ಧಮಾಡುವ ಭಾರವು ದೂರಿದವರ ಮೇಲೆಯೇ ಬೀಳುವದು. 1965ರಲ್ಲಿ ಮಹಾರಾಷ್ಟ್ರದಿಂದ ಬಂದ ಒಂದು ಮೊಕದ್ದಮೆಯಲ್ಲಿ, ಎರಡನೆಯ ಮದುವೆಗೆ ಬೇಕಾದ ವಿಧಿಗಳು ನಡೆದದ್ದು ಸಿದ್ಧವಾಗಲಿಲ್ಲವೆಂದು ಸುಪ್ರೀಮ್ ಕೋರ್ಟು ಆರೋಪಿಯನ್ನು ಬಿಟ್ಟಿತು. ಗಂಡನು ಸತ್ತಾಗ ಪಿಂಚಣಿ, ವಿಮೆ, ಜಮೀನಿನ ಖಾತೆ ಇವುಗಳಿಗೆ ಅರ್ಜಿ ಹಾಕುವ ವಿಧವೆಗೆ ಮೊದಲು ಕೇಳುವ ಪ್ರಶ್ನೆಯೇ ಅವನ ಹೆಂಡತಿಯೆಂಬದಕ್ಕೆ ಏನು ಆಧಾರವೆಂದು. ಇಪ್ಪತ್ತು ವರ್ಷ ಸಂಸಾರ ಮಾಡಿದವಳು, ದುಃಖದಲ್ಲಿ ಮುಳುಗಿರುವಾಗಲೇ, ತನ್ನ ಮದುವೆಗೆ ಬಂದವರನ್ನು ಹುಡುಕಿಕೊಂಡು ಊರೂರು ಅಲೆಯಬೇಕಾಗುವದು.

ಈ ಅನ್ಯಾಯವನ್ನು ಮನಗಂಡು ಸುಪ್ರೀಮ್ ಕೋರ್ಟು 2006ನೆಯ ಫೆಬ್ರುವರಿ 14ರಂದು ಒಂದು ಮಹತ್ವದ ಆಜ್ಞೆಯನ್ನು ಮಾಡಿತು. ಯಾವ ಧರ್ಮದವರೇ ಆಗಲಿ, ಭಾರತದ ಪ್ರಜೆಗಳ ಮದುವೆಗಳೆಲ್ಲವನ್ನೂ ಆಯಾ ರಾಜ್ಯಗಳಲ್ಲಿ ಕಡ್ಡಾಯವಾಗಿ ನೋಂದಾಯಿಸತಕ್ಕದ್ದೆಂಬದೇ ಆ ಆಜ್ಞೆಯು. ನೋಂದಣಿಯೊಂದೇ ಮದುವೆಯ ಸಿಂಧುತ್ವಕ್ಕೆ ಪರಮಪ್ರಮಾಣವಲ್ಲದಿದ್ದರೂ, ಮಕ್ಕಳ ಹಕ್ಕು, ವಧೂವರರ ವಯಸ್ಸು ಮೊದಲಾದ ವಿಷಯಗಳಲ್ಲಿ ಅದಕ್ಕೆ ಬಹಳ ಬೆಲೆಯಿದೆಯೆಂದು ನ್ಯಾಯಾಧೀಶರು ವಿವರಿಸಿದರು. ನಮ್ಮ ರಾಜ್ಯದಲ್ಲಿ 1976ರ ಹೆಸರುಳ್ಳ ವಿವಾಹನೋಂದಣಿಯ ಕಾಯದೆಯೊಂದು, 1984ರ 2ನೆಯ ಕಾಯದೆಯೆಂದು ಪುಸ್ತಕವನ್ನು ಸೇರಿ, ಬಹುಕಾಲ ಆಚರಣೆಗೆ ಬಾರದೆ ಇತ್ತು. ಅದು 2006ರಲ್ಲಿ ಜಾರಿಗೆ ಬಂದಿತು. ಬೀಜವನ್ನು ಕಣಜದಲ್ಲಿಟ್ಟು ಮೂವತ್ತು ವರ್ಷಗಳ ಮೇಲೆ ಬಿತ್ತಿದಂತಾಯಿತು.

ಈಗಿನ ಕ್ರಮವನ್ನು ಸಂಕ್ಷೇಪವಾಗಿ ಹೇಳಿದರೆ ಭಕ್ತರಿಗೆ ಉಪಯೋಗವಾದೀತು. ಮಠದಲ್ಲಿಯೋ ಮನೆಯಲ್ಲಿಯೋ ರೂಢಿಯಂತೆ ಲಗ್ನವಾದವರು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅರ್ಜಿಯನ್ನು ಕೊಟ್ಟು ಮದುವೆಯನ್ನು ನೋಂದಾಯಿಸಿಕೊಳ್ಳಬೇಕು. ಇಬ್ಬರ ವಯಸ್ಸಿಗೂ ವಾಸಕ್ಕೂ ಆಧಾರ, ಲಗ್ನಪತ್ರಿಕೆ, ಲಗ್ನದ ಭಾವಚಿತ್ರ, ಮದುವೆಯನ್ನು ಕಂಡ ಸಾಕ್ಷಿಗಳ ಸಹಿ ಇವು ಅವಶ್ಯವಾಗುತ್ತವೆ. ವಿಶೇಷವಿವಾಹ ಕಾಯದೆಯ ಕೆಳಗೆ ಮದುವೆಯಾಗುವವರ ಕ್ರಮವು ಬೇರೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುವರು. ಮತ್ತೆ 30 ದಿನಗಳೊಳಗೆ ಯೋಗ್ಯವಾದ ಆಕ್ಷೇಪವು ಬಾರದಿದ್ದರೆ, ಮೂವರು ಸಾಕ್ಷಿಗಳ ಎದುರಿಗೆ ವಧೂವರರು ಘೋಷಣೆಗೆ ಸಹಿ ಹಾಕಿ ಮದುವೆಯಾಗಬಹುದು. ನೋಟೀಸಿನಿಂದ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಮತ್ತೆ ಹೊಸ ನೋಟೀಸು ಬೇಕು. ಇರುವ ಗಂಡ ಅಥವಾ ಹೆಂಡತಿ, ವಯಸ್ಸಿನ ಕೊರತೆ, ನಿಷಿದ್ಧವಾದ ಸಂಬಂಧ, ಚಿತ್ತದ ಅಸ್ವಾಸ್ಥ್ಯ ಇಂಥವು ಮಾತ್ರ ಆಕ್ಷೇಪಕ್ಕೆ ಕಾರಣವಾಗಬಲ್ಲವು. ಹಿರಿಯರ ಅಸಮಾಧಾನವಾಗಲಿ ಜಾತಿಯ ಭೇದವಾಗಲಿ ಆಕ್ಷೇಪವೇ ಅಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು. ಉತ್ತರದ ಜಿಲ್ಲೆಗಳ ಕೆಲವು ಮನೆತನಗಳಲ್ಲಿ ಲಗ್ನದ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯುಂಟು. ಶಾಲೆಯ ಕಾಗದದಲ್ಲಿ ಒಂದು ಹೆಸರು, ಲಗ್ನಪತ್ರಿಕೆಯಲ್ಲಿ ಒಂದು ಹೆಸರು, ಗಂಡನ ಮನೆಯ ಪಡಿತರ ಚೀಟಿಯಲ್ಲಿ ಮೂರನೆಯದು ಆದರೆ, ಒಬ್ಬಳೇ ಹೆಣ್ಣುಮಗಳು ಸರಕಾರದ ಕಣ್ಣಿಗೆ ಮೂವರಾಗಿ ತೋರುವಳು. ಪ್ರೀತಿಯ ಹೆಸರನ್ನು ಮನೆಯಲ್ಲಿ ಕರೆಯಲಿ. ನೋಂದಣಿಯಲ್ಲಿ ಶಾಲೆಯ ಹೆಸರನ್ನೇ ಬರೆಯಿಸಲಿ. ಎರಡನೆಯದು ಉಡುಗೊರೆಗಳ ಯಾದಿ. 1961ರ ವರದಕ್ಷಿಣೆ ನಿಷೇಧ ಕಾಯದೆಯ ಕೆಳಗೆ 1985ರಲ್ಲಿ ಮಾಡಿದ ನಿಯಮಗಳಂತೆ, ವಧುವಿಗೂ ವರನಿಗೂ ಬಂದ ಉಡುಗೊರೆಗಳ ಬೇರೆಬೇರೆ ಯಾದಿಗಳನ್ನು ಬರೆದು, ಪ್ರತಿಯೊಂದರ ಅಂದಾಜು ಬೆಲೆಯನ್ನೂ ಕೊಟ್ಟವರ ಹೆಸರನ್ನೂ ಸಂಬಂಧವನ್ನೂ ನಮೂದಿಸಿ ಸಹಿ ಮಾಡತಕ್ಕದ್ದು. ಮುಯ್ಯಿಯ ಲೆಕ್ಕವನ್ನು ಕಾಸಿಗೆ ಕಾಸು ಬರೆದಿಡುವ ನಮ್ಮ ಮನೆಗಳಲ್ಲಿ ಈ ಯಾದಿಯನ್ನು ಮಾತ್ರ ಬರೆಯುವವರು ವಿರಳ. ತವರಿನಿಂದ ಬಂದದ್ದು ತನ್ನದೆಂದು ಹೆಣ್ಣುಮಗಳು ಹೇಳಬೇಕಾದ ದಿನ ಅದೇ ಅವಳ ಆಧಾರವಾಗುವದು.

ಹಾಗಾದರೆ ಕಾಗದವಿದ್ದರೆ ಸಾಕು, ಸಂಸ್ಕಾರವೇಕೆ ಎಂದು ಕೆಲವರು ಕೇಳಬಹುದು. ಪರದೇಶಕ್ಕೆ ಹೋಗುವ ಅನುಕೂಲಕ್ಕಾಗಿ ಯಾವ ವಿಧಿಯನ್ನೂ ನಡೆಸದೆ ಮೊದಲೇ ನೋಂದಣಿಪತ್ರವನ್ನು ತೆಗೆದುಕೊಳ್ಳುವ ಚಾಳಿಯು ಈಚೆಗೆ ಹಬ್ಬಿದೆ. 2024ರ ಏಪ್ರಿಲಿನಲ್ಲಿ ಸುಪ್ರೀಮ್ ಕೋರ್ಟು ಇದಕ್ಕೆ ಉತ್ತರವನ್ನು ಕೊಟ್ಟಿತು. ರೂಢಿಯ ವಿಧಿಗಳು ನಡೆಯದಿದ್ದರೆ ಕೇವಲ ನೋಂದಣಿಯ ಪತ್ರದಿಂದ ಹಿಂದೂ ವಿವಾಹವು ಹುಟ್ಟಲಾರದು. ನಡೆದ ಮದುವೆಗೆ ಪತ್ರವು ಸಾಕ್ಷಿಯಾಗಬಲ್ಲದು, ನಡೆಯದ ಮದುವೆಯನ್ನು ಅದು ನಡೆಸಲಾರದು ಎಂಬದು ಅದರ ತಾತ್ಪರ್ಯವು. ಅಧಿಕಾರಿಯ ಮುಂದೆಯೇ ನೆರವೇರುವ ವಿಶೇಷವಿವಾಹಕ್ಕೆ ಮಾತ್ರ ಈ ಮಾತು ಅನ್ವಯಿಸದು. ಹೀಗೆ ಸಂಸ್ಕಾರವಿಲ್ಲದ ಕಾಗದವು ಹುರುಳಿಲ್ಲದ್ದು, ಕಾಗದವಿಲ್ಲದ ಸಂಸ್ಕಾರವು ಕಾವಲಿಲ್ಲದ್ದು.

ಕಡೆಯದಾಗಿ ಮಠಗಳ ಹೊಣೆಯನ್ನು ಕುರಿತು ಹೇಳದಿದ್ದರೆ ಈ ಲೇಖವು ಅಪೂರ್ಣವಾಗುವದು. ನಾಡಿನ ಅನೇಕ ಮಠಗಳು ಜಾತ್ರೆ ಉತ್ಸವಗಳ ಕಾಲದಲ್ಲಿ ಸಾಮೂಹಿಕ ವಿವಾಹಗಳನ್ನು ನಡೆಸಿ ಬಡವರನ್ನು ಸಾಲದಿಂದ ಉಳಿಸುತ್ತ ಬಂದಿವೆ. ಇದು ಶರಣರು ಮೆಚ್ಚತಕ್ಕ ದಾಸೋಹವೇ ಸರಿ. ಆದರೆ ಸಾಲುಸಾಲಾಗಿ ಕುಳಿತ ವಧುಗಳಲ್ಲಿ ಒಬ್ಬಳು ಶಾಲೆಗೆ ಹೋಗತಕ್ಕ ಬಾಲಿಕೆಯಾಗಿದ್ದರೆ, ಆ ಪುಣ್ಯಕಾರ್ಯವು ಪಾಪದಲ್ಲಿ ಕೊನೆಗಾಣುವದು. 1978ರ ತಿದ್ದುಪಡಿಯಿಂದ ವಯೋಮಿತಿಯು ವಧುವಿಗೆ 18, ವರನಿಗೆ 21 ಎಂದಾಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯದೆಯು 2007ನೆಯ ನವಂಬರ 1ರಿಂದ ಜಾರಿಗೆ ಬಂದಿದೆ. ಅದರ ಮೇರೆಗೆ ಅಂಥ ಲಗ್ನವನ್ನು ನಡೆಸಿದವರಿಗೂ ನಡೆಸಲು ನೆರವಾದವರಿಗೂ 2 ವರ್ಷಗಳವರೆಗೆ ಕಠಿಣ ಕಾರಾವಾಸವೂ 1 ಲಕ್ಷ ರೂಪಾಯಿಗಳವರೆಗೆ ದಂಡವೂ ಆಗಬಹುದು. ಇದಕ್ಕೆ ಮಠಪತಿಯೂ ಹೊರತಲ್ಲ, ಮಠಾಧೀಶರೂ ಹೊರತಲ್ಲ. ನಮ್ಮ ರಾಜ್ಯವು ಆ ಕಾಯದೆಗೆ ತಿದ್ದುಪಡಿ ತಂದು, 2017ರಿಂದ ಇಂಥ ಮದುವೆಯು ಮೊದಲಿನಿಂದಲೇ ಶೂನ್ಯವೆಂದು ಸಾರಿದೆ.

ಆ ಕಾಯದೆಯಲ್ಲಿ ಭಕ್ತರ ಮನಸ್ಸನ್ನು ಕಲಕತಕ್ಕ ಇನ್ನೊಂದು ಮಾತಿದೆ. ಸಾಮೂಹಿಕವಾಗಿ ಬಾಲ್ಯವಿವಾಹಗಳು ನಡೆಯುವ ದಿನವೆಂದು ಅಕ್ಷಯತೃತೀಯೆಯನ್ನು ಹೆಸರಿಸಿ, ಅಂಥ ದಿನಗಳಲ್ಲಿ ಜಿಲ್ಲಾಧಿಕಾರಿಯೇ ನಿಷೇಧಾಧಿಕಾರಿಯಾಗಿ ಅವುಗಳನ್ನು ತಡೆಯತಕ್ಕದ್ದೆಂದು ಅಲ್ಲಿ ಬರೆದಿದೆ. ವೈಶಾಖಶುದ್ಧ ತದಿಗೆಯ ಆ ದಿನವೇ ನಮಗೆ ಬಸವಜಯಂತಿಯು. ಹೆಣ್ಣಿಗೆ ಲಿಂಗವನ್ನೂ ವಿದ್ಯೆಯನ್ನೂ ಅನುಭವಮಂಟಪದಲ್ಲಿ ಆಸನವನ್ನೂ ಕೊಟ್ಟ ಮಹಾತ್ಮರ ಜಯಂತಿಯ ದಿನವು, ಸರಕಾರದ ಪುಸ್ತಕದಲ್ಲಿ ಬಾಲಿಕೆಯರನ್ನು ಕಾಯಬೇಕಾದ ದಿನವೆಂದು ದಾಖಲಾಗಿದೆ. ಇದಕ್ಕಿಂತ ನಾಚಿಕೆಯ ವಿಷಯವು ನಮಗೆ ಯಾವದಿದ್ದೀತು? ಆ ದಿನ ಮಠದ ಮಂಟಪದಲ್ಲಿ ಅಕ್ಷತೆ ಬೀಳುವ ಮೊದಲು ಪ್ರತಿಯೊಬ್ಬ ವಧೂವರರ ಜನ್ಮಪತ್ರವನ್ನು ನೋಡಿ, ಲಗ್ನವಾದ ಕೂಡಲೆ ಅವರ ನೋಂದಣಿಯ ಅರ್ಜಿಯನ್ನೂ ತುಂಬಿಸಿ ಕಳಿಸುವ ಪದ್ಧತಿಯನ್ನು ಮಠಗಳೆಲ್ಲವೂ ಹಾಕಿಕೊಂಡರೆ, ಆ ಕಳಂಕವು ತಾನಾಗಿ ತೊಳೆದುಹೋಗುವದು. ಇದಕ್ಕೆ ಬೇಕಾದದ್ದು ಹಣವಲ್ಲ. ಒಂದು ಮೇಜು, ಒಂದು ಪುಸ್ತಕ, ಓದುಬರಹ ಬಲ್ಲ ಇಬ್ಬರು ಶಿಷ್ಯರು, ಇಲ್ಲವೆಂದು ಹೇಳುವ ಧೈರ್ಯ. ವಯಸ್ಸು ತುಂಬದ ಹುಡುಗಿಯ ತಂದೆಯು ಎಷ್ಟೇ ದೊಡ್ಡ ಭಕ್ತನಾಗಿರಲಿ, ಅವನಿಗೆ ಆ ದಿನ ಇಲ್ಲವೆಂದು ಹೇಳುವದೇ ಗುರುಕಾರುಣ್ಯವು.

ಕಲ್ಯಾಣದ ಆ ಮದುವೆಗೆ ಅರಸನ ಅಂಗೀಕಾರವಿರಲಿಲ್ಲ; ಆದರೂ ಅದು ಮದುವೆಯೆಂದು ಶರಣರು ಪ್ರಾಣವನ್ನು ಒತ್ತೆಯಿಟ್ಟು ಸಾಕ್ಷಿ ಹೇಳಿದರು. ಇಂದು ನಮ್ಮ ಮದುವೆಗಳಿಗೆ ರಾಜ್ಯದ ಅಂಗೀಕಾರವುಂಟು, ನಮ್ಮ ರೂಢಿಗೆ ಕಾನೂನಿನ ಮನ್ನಣೆಯುಂಟು, ಜಾತಿಯನ್ನು ಮೀರುವವರಿಗೆ ದಾರಿಯುಂಟು. ಸಾಕ್ಷಿ ಹೇಳುವದಕ್ಕೆ ಪ್ರಾಣವನ್ನು ಕೊಡಬೇಕಾಗಿಲ್ಲ. ಒಂದು ಸಹಿಯನ್ನು ಕೊಟ್ಟರೆ ಸಾಕು. ಅಕ್ಷತೆಯನ್ನು ಹಾಕಿದ ಕೈಯೇ ನೋಂದಣಿಯ ಪುಸ್ತಕದಲ್ಲಿ ಸಹಿಯನ್ನೂ ಹಾಕಲಿ; ಶ್ರೀಗುರುವಿನ ಸನ್ನಿಧಿಯಲ್ಲಿ ಸತಿಪತಿಗಳಾದವರಲ್ಲಿ ಯಾರೊಬ್ಬರೂ ಮುಂದೆ ತಮ್ಮ ಮದುವೆಗೆ ಆಧಾರವನ್ನು ಹುಡುಕಿಕೊಂಡು ಅಲೆಯುವ ಕಾಲವು ಬಾರದಿರಲಿ ಎಂದು ಪ್ರಾರ್ಥಿಸಿ ಈ ಲೇಖವನ್ನು ಮುಗಿಸುತ್ತೇನೆ.

ಸರ್ವರಿಗೂ ಮಂಗಲವಾಗಲಿ.